ಕೊಬ್ಬರಿ ಅಟ್ಟದ ಕೆಳಗೊಂದು ಜಪಾನು

ನಮ್ಮ ಚಿಕ್ಕಪ್ಪ ಇರುವುದು ದಂಡಿನಶಿವರದಲ್ಲಲ್ಲ, ಮಧ್ಯಯುಗದ ಜಪಾನಿನಲ್ಲಿ! ಊಟದ ಹೊತ್ತಿಗೆ ಮಾತ್ರ ದಂಡಿನಶಿವರಕ್ಕೆ ಬಂದು ಹೋಗುತ್ತಾರೆ. ತಿಪಟೂರು ದಾಟಿದರೆ ತಲೆ ಸುತ್ತುವ ಮನುಷ್ಯನಿಗೆ ಜಪಾನು ಎಲ್ಲಿಂದ ಅಂಟಿತು? ಮೊಬೈಲಿನಿಂದ ಎಂದು ಚಿಕ್ಕಮ್ಮ, ಹೋದ ಜನ್ಮದಿಂದ ಎಂದು ಅವರು. ನನ್ನ ನೆನಪು ಎರಡಕ್ಕೂ ತಲೆಯಾಡಿಸುತ್ತದೆ. ಅಂಥ ನೆನಪನ್ನು ನಂಬುವುದು ಹೇಗೆ?

ಮೊದಲು ಅಂಗಳಕ್ಕೆ ಜಲ್ಲಿಪುಡಿ ಬಂತು. ಚಿಕ್ಕಪ್ಪ ಪೊರಕೆ ಹಿಡಿದು ಅದರ ಮೇಲೆ ಅಲೆ ಅಲೆಯಾಗಿ ಗೀರು ಎಳೆದರು. ಕಾಯಿ ಕೀಳುವ ರಂಗಣ್ಣ ಕಣ್ಣರಳಿಸಿದ.

"ಏನಣ್ಣಾ, ರಾಗಿ ಬಿತ್ತಕ್ಕಾ?"

"ಸಮುದ್ರ ಕಣ್ಲಾ! ಅಲ್ಲಿ ಸನ್ಯಾಸಿಗಳು ನೀರಿಲ್ದಲೇ ಮಾಡ್ತಿದ್ರು. ನೋಡ್ತಾ ಕೂತ್ರೆ ಮನ್ಸು ತಿಳಿಯಾಯ್ತದೆ."

"ನೀರಿಲ್ದಿರೋ ಬೋರು ನಮ್ ತ್ವಾಟ್ದಲ್ಲೂ ಐತೆ. ನೋಡ್ತಾ ಕೂತ್ರೆ ಮನ್ಸು ಕೆಡ್ತದೆ, ಅಷ್ಟೆ!"

ಆಮೇಲೆ ಚಹಾಮನೆ. ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ, ನಾಯಿ ನುಗ್ಗುವಷ್ಟು ಕಿಂಡಿ ಬಿಟ್ಟರು. ಜಪಾನಿನಲ್ಲಿ ಎಂಥ ವೀರನೂ ಕತ್ತಿ ಹೊರಗಿಟ್ಟು, ತಲೆ ಬಗ್ಗಿಸಿ, ತೆವಳಿಯೇ ಚಹಾಕ್ಕೆ ಬರಬೇಕಿತ್ತಂತೆ. ಒಳಗೆ ದೊರೆಯೂ ಇಲ್ಲ, ಆಳೂ ಇಲ್ಲ! ರಂಗಣ್ಣ ಮಚ್ಚು ಹೊರಗಿಟ್ಟು ತೆವಳಿದ. ನಾನೂ ತೆವಳಿದೆ. ಇದು ದೇವಸ್ಥಾನವೋ, ಹೋಟೆಲೋ? ಕೈ ಮುಗಿಯಬೇಕೋ, ಬಿಸ್ಕತ್ತು ಕೇಳಬೇಕೋ? ತಿಳಿಯದೆ ಎರಡನ್ನೂ ಮಾಡಿದೆ. "ಧ್ಯಾನ ಕಣೋ!" ಎಂದು ಚಿಕ್ಕಪ್ಪ ಗದರಿದರು. ಅವರ ಪಕ್ಕದಲ್ಲಿ ಹೆಚ್ಚಿಗೆ ಒಂದು ಬಟ್ಟಲು ಆರುತ್ತಿತ್ತು. "ನಿಮ್ ಚಿಕ್ಕಮ್ಮಂದು. ಇವತ್ತಾದ್ರೂ ಬತ್ತಾಳೇನೋ ಅಂತ."

ಚಿಕ್ಕಮ್ಮ ಬರಲಿಲ್ಲ. ಬದಲಿಗೆ ಕಾಯಿ ಸುಲಿಯುವ ದಿನ ಬಂತು. ನಮ್ಮ ಕಡೆ ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಮಲಗಿ ಕೊಬ್ಬರಿಯಾಗಬೇಕು. ಅದನ್ನು ಇಳಿಸಲು ಆ ಕೋಣೆಯ ಬಾಗಿಲೊಂದೇ ದಾರಿ; ಬಾಗಿಲು ಕಿರಿದು ಮಾಡುವಾಗ ಕಾಯಿ ಮೇಲೆ ಮಲಗಿರುವುದನ್ನೇ ಚಿಕ್ಕಪ್ಪ ಮರೆತಿದ್ದರು! ತುಂಬಿದ ಮಂಕರಿ ಕಿಂಡಿಯಲ್ಲಿ ತೂರಲೊಲ್ಲದು.

"ಗ್ವಾಡೆ ಒಡೀರಣ್ಣಾ," ಎಂದ ರಂಗಣ್ಣ.

"ಕೊಬ್ರಿಗೋಸ್ಕರ ಧರ್ಮ ಒಡೀತಾರೇನ್ಲಾ?"

ಕೋಳಿ ಮೊಟ್ಟೆ ಇಟ್ಟ ಹಾಗೆ ಚಹಾಮನೆ ಸಂಜೆಯವರೆಗೆ ಒಂದೊಂದೇ ಕಾಯಿ ಹೊರಗಿಟ್ಟಿತು.

ಅದೇ ವಾರವೋ, ಮುಂದಿನ ವಾರವೋ, ಚಿಕ್ಕಪ್ಪ ಅಂಗಳದಲ್ಲೇ ಸ್ಫೋಟಿಸಿದರು. "ಊರೇ ತೆವಳ್ಕೊಂಡ್ ಬಂತು. ನಿಂಗೊಬ್ಳಿಗೇ ಏನೇ ಜಂಬ?"

ಚಿಕ್ಕಮ್ಮ ಮೊರದಿಂದ ತಲೆಯೆತ್ತಲಿಲ್ಲ. "ತಲೆ ಬಗ್ತದೆ ಕಣ್ರೀ, ಮಂಡಿ ಬಗ್ಗಲ್ಲ. ಮೆಟ್ಲು ಹತ್ತುವಾಗ ನರಳಾದು ನಿಮ್ಗೆ ಯಾವತ್ತು ಕೇಳೈತೆ? ಕಿವೀನೂ ಜಪಾನ್ಗೆ ಕಳ್ಸಿದೀರಿ."

ಚಿಕ್ಕಪ್ಪ ಹಾರೆ ಎತ್ತಿಕೊಂಡು ಹೋದರು. ಅವರ ಕಣ್ಣು ಒದ್ದೆಯಾಗಿತ್ತು ಎಂದು ಬರೆಯಹೊರಟೆ; ನಾನು ಕಂಡದ್ದು ಧೂಳು ಮಾತ್ರ. ಇಟ್ಟಿಗೆ ಬೀಳುವ ಸದ್ದಿಗೆ ರಂಗಣ್ಣ ಓಡಿಬಂದ.

"ಕೊಬ್ರಿಗೆ ಒಡೀನಿಲ್ಲ, ಈಗ್ಯಾಕಣ್ಣಾ?"

"ಸುಮ್ಕಿರ್ಲಾ."

ಚಿಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ನೆಟ್ಟಗೆ ನಡೆದು ಒಳಗೆ ಹೋಗಿ ಕುರ್ಚಿಯ ಮೇಲೆ ಕೂತರು. ಬಟ್ಟಲಿನ ಒಂದು ಗುಟುಕಿಗೇ ಮುಖ ಕಿವುಚಿದರು. "ಇದೇನ್ರೀ, ಬೇವಿನ ಕಷಾಯ!"

"ಸಕ್ರೆ ತರ್ಲೇನೇ?" ನೆಲದ ಮೇಲೆ ಕೂತು ಅವರ ಮಂಡಿ ನೀವುತ್ತಿದ್ದ ಚಿಕ್ಕಪ್ಪ ಕೇಳಿದರು.

"ಬ್ಯಾಡ. ಏಳ್ಬ್ಯಾಡಿ," ಎಂದು ಚಿಕ್ಕಮ್ಮ ಬಟ್ಟಲನ್ನು ಮತ್ತೆ ತುಟಿಗಿಟ್ಟರು.