ಚಿಕ್ಕಪ್ಪನ ವ್ಯಾನಿನ ರಿವರ್ಸ್ ಲೈಟು

ಹಳೆಯ ವಾಹನ ಇರುವ ಮನೆಯಲ್ಲಿ ಇಂಥದ್ದು ನಡೆಯಲು ಬೇರೆ ಕಾರಣ ಬೇಕಿಲ್ಲ. ವಾಹನ ಇದ್ದರೆ ಸಾಕು.

ಮೇಲೂರಿನ ನಮ್ಮ ಚಿಕ್ಕಪ್ಪನ ವ್ಯಾನು ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುತ್ತದೆ. ಈ ಸಲ ಹುಳು ಗೂಡು ಕಟ್ಟತೊಡಗಿದಾಗಲೇ ಅದರ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಮುಗಿಯಲು ಬಂತು, ರಿವರ್ಸ್ ಲೈಟೂ ಹತ್ತದಾಯಿತು. ಲೈಟಿಲ್ಲದೆ ಎಫ್‌ಸಿ ಇಲ್ಲ, ಎಫ್‌ಸಿ ಇಲ್ಲದೆ ವ್ಯಾನು ರಸ್ತೆಗಿಳಿಯುವಂತಿಲ್ಲ. ಗೂಡು ಇದಕ್ಕೆಲ್ಲ ಕಾಯುವುದಿಲ್ಲ. ತಡವಾದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಬೆಳೆ ಹಾಳು. ನಾನು ಭೌತಶಾಸ್ತ್ರ ಓದಿದವನೆಂಬ ಒಂದೇ ಕಾರಣಕ್ಕೆ ಚಿಕ್ಕಪ್ಪ ನನ್ನನ್ನು ಕರೆಸಿದರು.

ಮನೆಯ ಮುಂದೆ

ಮೊದಲು ಬಲ್ಬು ನೋಡೋಣವೆಂದು ದೀಪದ ಗಾಜಿಗೆ ಕೈ ಹಾಕಿದೆ. ಚಿಕ್ಕಪ್ಪ ತಡೆದರು.

"ಗಾಜು ಮುಟ್ಟಬೇಡ ಕಣಪ್ಪ, ಪೂಜೆ ಆಗಿರೋದು. ವೈರ್ ಏನ್ ಬೇಕಾದ್ರೂ ಮಾಡ್ಕೊ."

ಸರಿ, ಇಂಜಿನ್ ಶುರು ಮಾಡದೆ ಬರೀ ಕೀ ತಿರುಗಿಸಿ ರಿವರ್ಸ್ ಗೇರು ಹಾಕಿ ಎಂದೆ. ಇಂಜಿನ್ ಇಲ್ಲದೆ ಲೈಟಿಗೆ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಅವರು ಶುರು ಮಾಡಿಯೇಬಿಟ್ಟರು. ಬೀದಿಯ ನಾಲ್ಕಾರು ಮಂದಿ ವ್ಯಾನಿನ ಹಿಂದೆ ಬಂದು ನಿಂತು, ಹತ್ತಿಲ್ಲ ಎಂದು ಒಬ್ಬೊಬ್ಬರಾಗಿ ದೃಢಪಡಿಸಿದರು. ಚಿಕ್ಕಪ್ಪನಿಗೆ ನಂಬಿಕೆಯಾಗಲಿಲ್ಲ. ಇಳಿದು ತಾವೇ ನೋಡಲೆಂದು ಕ್ಲಚ್ಚಿನಿಂದ ಕಾಲು ತೆಗೆದರು. ವ್ಯಾನು ಹಿಂದಕ್ಕೆ ನೆಗೆದು ತಿಪ್ಪೆಗೆ ಗುದ್ದಿ ನಿಂತಿತು. ನೋಡುಗರು ಚರಂಡಿಯ ಆಚೆ ಸಿಕ್ಕರು.

ಚಿಕ್ಕಪ್ಪ ನಿಧಾನವಾಗಿ ಇಳಿದರು. "ಗೇರಂತೂ ಸರಿಯಾಗಿದೆ."

ಚಿಕ್ಕಬಳ್ಳಾಪುರ

ಅಲ್ಲಿನ ಎಲೆಕ್ಟ್ರಿಷಿಯನ್ ವ್ಯಾನಿನ ಕೆಳಗೆ ಮಲಗಿ, ಹಿಂದಕ್ಕೆ ಹೋಗುವ ವೈರಿನ ಜಾಯಿಂಟ್ ಬಿಚ್ಚಿದ. ತಕ್ಷಣ ಅವನಿಗೆ ದುಃಖವಾಯಿತು. ಇದನ್ನು ಕಟ್ಟಿದವನಿಗೆ ಕಣ್ಣಿತ್ತೋ ಇಲ್ಲವೋ, ಕೈಯಂತೂ ಇರಲಿಲ್ಲ, ಇಂಥವರಿಂದಲೇ ಗಾಡಿಗಳಿಗೆ ಬೆಂಕಿ ಬೀಳುವುದು ಎಂದು ಬಹಳ ಹೊತ್ತು ಹೇಳಿದ.

"ಹೋದ ವರ್ಷ ನೀನೇ ಹಾಕಿದ್ದಲ್ವೇನಪ್ಪ," ಎಂದರು ಚಿಕ್ಕಪ್ಪ.

ಅವನು ಕೆಳಗಿನಿಂದ ತಲೆ ಹೊರಹಾಕಿದ.

"ಅದಕ್ಕೇ ಸಾರ್, ಇಷ್ಟು ದಿನ ತಡ್ಕೊಂಡಿದೆ."

ಹೊಸ ಜಾಯಿಂಟ್ ಹಾಕಿದ. ಲೈಟು ಹತ್ತಲಿಲ್ಲ.

ಗೌರಿಬಿದನೂರು

ಗೌರಿಬಿದನೂರಿನ ಮೆಕ್ಯಾನಿಕ್ ಚಿಕ್ಕಮ್ಮನ ತವರಿನ ಕಡೆಯವನು. ಆದ್ದರಿಂದ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ರಿವರ್ಸ್ ಗೇರು ಬಿದ್ದಾಗ ಲೈಟಿಗೆ ಕರೆಂಟು ಬಿಡುವ ಸ್ವಿಚ್ಚೇ ಸತ್ತಿದೆ ಎಂದ. ಹೊಸದು ಹಾಕಿದ, ಪಕ್ಕದಲ್ಲಿ ಕಳಚಿ ನೇತಾಡುತ್ತಿದ್ದ ಒಂದು ವೈರನ್ನೂ ಸೇರಿಸಿದ. ಗೇರು ಹಾಕಿದ ಕೂಡಲೇ, ಎಷ್ಟೋ ವರ್ಷಗಳಿಂದ ಮೌನವಾಗಿದ್ದ ರಿವರ್ಸ್ ಹಾರ್ನು ಭಜನೆಯ ರಾಗ ಹಾಡತೊಡಗಿತು. ವ್ಯಾನಿಗೆ ಅಂಥದ್ದೊಂದು ಇದೆಯೆಂದು ಚಿಕ್ಕಪ್ಪನಿಗೇ ಮರೆತುಹೋಗಿತ್ತು. ಅವರು ಕೈ ಮುಗಿದರು. ಲೈಟು ಹತ್ತಲಿಲ್ಲವಲ್ಲ ಎಂದು ನಾನು ನೆನಪಿಸಿದೆ.

ಮೆಕ್ಯಾನಿಕ್ ನನ್ನನ್ನು ಕನಿಕರದಿಂದ ನೋಡಿದ. "ಇಷ್ಟು ಕೂಗಿದ ಮೇಲೂ ಪಕ್ಕಕ್ಕೆ ಸರೀದೇ ಇರೋನು, ಲೈಟ್ ನೋಡಿ ಸರೀತಾನಾ ಅಣ್ಣ?"

ಚಿಂತಾಮಣಿ

ಮರುದಿನದಿಂದ ಗೂಡು ಬಿಡಿಸಬೇಕು. ಹತ್ತದ ಲೈಟಿನೊಂದಿಗೇ ಆರ್‌ಟಿಒ ಕಚೇರಿಗೆ ತಪಾಸಣೆಗೆ ಹೋದೆವು.

ಇನ್ಸ್‌ಪೆಕ್ಟರು ಶೆಡ್ಡಿನ ನೆರಳಿನಲ್ಲಿ ರಿವರ್ಸ್ ಹಾಕಿಸಿದರು. ಭಜನೆ ಮುಗಿಯುವವರೆಗೂ ಕಾದರು. ಆಮೇಲೆ ಬಗ್ಗಿ, ದೀಪದ ಸುತ್ತ ಎರಡೂ ಕೈ ಮರೆಮಾಡಿ ನೋಡಿದರು.

"ಹತ್ತಿದೆಯಲ್ರೀ. ಆದರೆ ಕೆಂಪಗಿದೆ. ಬಿಳಿ ಇರಬೇಕು."

ನಾನೂ ಬಗ್ಗಿ ನೋಡಿದೆ. ಗಾಜಿನ ಮೇಲೆ ಆಯುಧಪೂಜೆಯ ಕುಂಕುಮ ಇತ್ತು. ಈ ವರ್ಷದ್ದು, ಅದರ ಕೆಳಗೆ ಹೋದ ವರ್ಷದ್ದು, ಅದರ ಕೆಳಗೆ ಅರಿಶಿನ, ಅದರ ಕೆಳಗೆ ಮತ್ತೆ ಕುಂಕುಮ. ಒಂದರ ಮೇಲೊಂದು ಒಣಗಿ ಗೋಡೆಯ ಗಾರೆಯಂತೆ ಗಟ್ಟಿಯಾಗಿತ್ತು. ಒಳಗೆ ಬಲ್ಬು ಉರಿಯುತ್ತಿತ್ತು, ಬಹುಶಃ ಚಿಕ್ಕಬಳ್ಳಾಪುರದಿಂದಲೂ. ಬಿಸಿಲಲ್ಲಿ ಕಂಡಿರಲಿಲ್ಲ, ಅಷ್ಟೆ.

ಒರೆಸಿ ಎಂದರು ಇನ್ಸ್‌ಪೆಕ್ಟರು. ಚಿಕ್ಕಪ್ಪ ನನ್ನ ಮುಖ ನೋಡಿದರು.

"ಹಚ್ಚಿದ ಕುಂಕುಮ ಅಳಿಸೋದು ಹೆಂಗಪ್ಪ?"

"ನಾಳೆ ಗೂಡು, ಚಿಕ್ಕಪ್ಪ."

ಅವರು ಹೆಗಲ ಟವೆಲು ಒದ್ದೆ ಮಾಡಿ, ಏನೋ ಗೊಣಗಿ ಕ್ಷಮೆ ಕೇಳಿ, ಉಜ್ಜಿದರು. ಬಿಳಿ ಬೆಳಕು ಬಂತು. ಎಫ್‌ಸಿ ಆಯಿತು.

ಕಚೇರಿಯ ಗೇಟು ದಾಟಿದ್ದೇ ವ್ಯಾನು ನಿಲ್ಲಿಸಿ, ಸೀಟಿನ ಕೆಳಗಿಂದ ಕುಂಕುಮದ ಪೊಟ್ಟಣ ತೆಗೆದು ಹಿಂದಕ್ಕೆ ಹೋದರು. ಬಾಗಿಲಿಗೆ ಒಂದು ಬೊಟ್ಟು, ಚಕ್ರಕ್ಕೆ ಒಂದು ಬೊಟ್ಟು. ದೀಪದ ಗಾಜಿಗೆ ಮಾತ್ರ ಅಂಗೈ ತುಂಬ ಕಲಸಿ ಬಳಿದರು.

ಅದಕ್ಕೆ ಯಾಕೆ ಚಿಕ್ಕಪ್ಪ ಎಂದೆ.

"ನಮ್ಮನ್ನ ಇಷ್ಟು ಕಾಡಿಸಿದ್ದು ಅದೇ ಅಲ್ವೇನಪ್ಪ. ಅದಕ್ಕೇ ಸ್ವಲ್ಪ ಜಾಸ್ತಿ ಹಚ್ಚಬೇಕು."