ಬೊಳ್ಳನೂ ಹನ್ನೆರಡನೇ ನಂಬರಿನ ಟಗರೂ

ನಮ್ಮ ಕುರಿಗಳು ಅವಳಿ ಹಾಕಿವೆ! ನಿನ್ನೆ ಒಂದು, ಇವತ್ತು ಎರಡು, ಮೂರಕ್ಕೂ ಎರಡೆರಡು ಮರಿ. ಬೆಳಗ್ಗಿನಿಂದ ನಾನು ಮೂರು ಸಲ ವಾಮದಪದವು ಪೇಟೆಗೆ ಹೋಗಿ ಬಂದೆ. ತರುವುದಕ್ಕೆ ಏನೂ ಇರಲಿಲ್ಲ, ಹೇಳುವುದಕ್ಕಿತ್ತು. ಹೋಟೆಲಿನವನು, "ಅಜ್ಜೇರೇ, ಇದನ್ನು ಆಗಲೇ ಹೇಳಿದ್ದೀರಿ" ಎಂದ. ಎರಡು ಮರಿ ಹುಟ್ಟಿದ ಮೇಲೆ ಎರಡು ಸಲ ಹೇಳದಿದ್ದರೆ ಹೇಗೆ?

ಕುರಿಗಳು ನನ್ನ ಮಗಳ ಮಗಳು ಶ್ರೇಯಾಳವು. ಪಶುಗಳ ವಿಷಯ ಓದಿ ಬಂದವಳು, ನೆಲದಿಂದ ಎದೆಯೆತ್ತರಕ್ಕೆ ಹಲಗೆಯ ಕೊಟ್ಟಿಗೆ ಕಟ್ಟಿಸಿ ಕುರಿ ತಂದಳು. "ಘಟ್ಟದ ಮೇಲಿನ ಪ್ರಾಣಿ, ನಮ್ಮ ಮಳೆಗೆ ಉಳಿದೀತಾ?" ಎಂದು ನೆರೆಯವರು ಕೇಳಿದರು. ಕುರಿ ಉಳಿಯಿತು. ಆದರೆ ವರ್ಷಕ್ಕೆ ಒಂದೊಂದೇ ಮರಿ. ಆಗ ಅವಳು ಟಗರುಗಳ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದಳು. ಅವಳಿ ಹಾಕಿಸುವ ಗುಣ ರಕ್ತದಲ್ಲೇ ಇರುತ್ತದಂತೆ. ಅಂಥ ಟಗರಿನ ಹೆಣ್ಣುಮಕ್ಕಳು ಎರಡೆರಡು ಹಾಕುತ್ತವಂತೆ. "ಇದೂ ಆಗದಿದ್ದರೆ ಹಿಂಡು ಕೊಟ್ಟು ಎಲ್ಲಾದರೂ ಕೆಲಸಕ್ಕೆ ಹೋಗ್ತೇನೆ" ಎಂದಳು. ಅವಳು ಮನೆ ಬಿಡುವ ಮಾತು ನನಗೆ ಆಗಲಿಲ್ಲ.

ಆ ಗುಣ ಇದ್ದದ್ದು ಹನ್ನೆರಡನೇ ನಂಬರಿನ ಟಗರಿಗೆ. ಕೆಮ್ಮಿದರೆ ಬೀಳುವಂಥದ್ದು. ಇನ್ನೊಂದು ಟಗರು, ನನ್ನ ಬೊಳ್ಳನನ್ನು ನೋಡಬೇಕು ನೀವು! ಹಾಲಿನಂಥ ಬಣ್ಣ, ಕಂಬಳದ ಕೋಣನ ಗತ್ತು. ಅವನ ರಕ್ತದಲ್ಲಿ ಏನೂ ಇಲ್ಲವಂತೆ. ಹಾಗೆಂದು ಶ್ರೇಯಾ ಹನ್ನೆರಡನ್ನು ಮಾತ್ರ ಹೆಣ್ಣು ಕುರಿಗಳ ಜೊತೆ ಬಿಟ್ಟು, ಅವನನ್ನು ಬೇರೆ ಕೂಡಿ ಹಾಕಿದಳು. ಮೂರನೇ ಕ್ಲಾಸು ಕಲಿತ ನನಗೆ ಒಂದು ವಿಷಯ ಮಾತ್ರ ಖಚಿತವಿತ್ತು. ನಮ್ಮಲ್ಲಿ ಬಳಿ, ಅಂದರೆ ಕುಲ, ತಾಯಿಯ ಕಡೆಯಿಂದ. ನನ್ನ ಮಕ್ಕಳೇ ನನ್ನ ಬಳಿಯವರಲ್ಲ, ಹೆಂಡತಿಯ ಬಳಿಯವರು. ಮನುಷ್ಯರಲ್ಲೇ ಅಪ್ಪ ಲೆಕ್ಕಕ್ಕಿಲ್ಲದ ಮೇಲೆ ಟಗರಿನದ್ದು ಏನು ದೊಡ್ಡ ವಿಷಯ? ಶ್ರೇಯಾ ಮೂಡುಬಿದಿರೆಗೆ ಹೋಗಿದ್ದ ಒಂದು ಮಧ್ಯಾಹ್ನ ಬೊಳ್ಳನ ಮುಖ ನೋಡಿ ಪಾಪ ಅನ್ನಿಸಿತು. ಬಾಗಿಲು ತೆಗೆದು ಅವನನ್ನೂ ಹೆಣ್ಣು ಕುರಿಗಳ ಕಡೆ ಬಿಟ್ಟೆ.

ಮರಿಗಳು ಹುಟ್ಟಿದವು, ಹೆಣ್ಣು ಏಳು. ಅವುಗಳ ರಕ್ತವನ್ನೂ ಕಳಿಸಿದಳು ಹುಡುಗಿ. ಅಪ್ಪನನ್ನು ಹಿಡಿಯುವ ಪರೀಕ್ಷೆಯೂ ಉಂಟೆಂದು ನನಗೆ ಯಾರು ಹೇಳಿದ್ದರು?

"ಅಜ್ಜ, ಇದರಲ್ಲಿ ಮೂರರ ಅಪ್ಪ ಯಾರು?"

"ಹನ್ನೆರಡೇ ಇರಬೇಕು ಮಾರಾಯ್ತಿ."

"ರಕ್ತ ಬೊಳ್ಳ ಅಂತ ಹೇಳ್ತದೆ."

"ರಕ್ತ ಯಾಕೆ? ನಿನ್ನ ಅಜ್ಜನ ಮುಖ ನೋಡಿದ್ರೆ ಸಾಕು" ಎಂದಳು ನನ್ನ ಹೆಂಡತಿ, ಅಡುಗೆಮನೆಯಿಂದ.

ನಾನು ಬಳಿಯ ಮಾತು ಎತ್ತಿದೆ. ಶ್ರೇಯಾ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಬಳಿ ತಾಯಿಯದ್ದೇ ಅಜ್ಜ. ಆದರೆ ರಕ್ತ ಅರ್ಧ ಅಪ್ಪನದ್ದು. ಈಗ ನನಗೆ ಉಳಿದದ್ದು ನಾಲ್ಕೇ" ಎಂದು ಎದ್ದು ಹೋದಳು. ಆ ನಾಲ್ಕು ಬೆಳೆದು ಗಬ್ಬವಾಗುವವರೆಗೆ ಕೊಟ್ಟಿಗೆಯ ಬಾಗಿಲ ಹತ್ತಿರ ನಾನು ಹೋಗಲಿಲ್ಲ. ಸೊಪ್ಪನ್ನು ದೂರದಿಂದಲೇ ಇಟ್ಟು ಬರುತ್ತಿದ್ದೆ, ಕಳ್ಳನ ಹಾಗೆ. ಕಳೆದ ವಾರ ಮೊದಲನೆಯದು ಹಾಕಿತು, ಒಂದೇ ಮರಿ. ಅವಳು ಊಟಕ್ಕೆ ಬರಲಿಲ್ಲ. ನನಗೂ ಅನ್ನ ಸೇರಲಿಲ್ಲ. ಆಮೇಲೆ ನಿನ್ನೆಯದ್ದು, ಇವತ್ತಿನದ್ದು ನಿಮಗೆ ಗೊತ್ತೇ ಉಂಟು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. "ಕುರಿ ಸಾರು ಮಾಡಬಹುದಿತ್ತು" ಎಂದ ಅಳಿಯ, ಯಾರೂ ನಗಲಿಲ್ಲ. "ಮುಂದಿನ ಸಲ ಟಗರು ಬಿಡುದು ಯಾರು?" ಎಂದು ಮಗಳು ಕೇಳಿದಳು. "ಅಜ್ಜನೇ ಬಿಡಲಿ. ನಾನು ಹತ್ತಿರ ನಿಲ್ತೇನೆ" ಎಂದಳು ಶ್ರೇಯಾ. ಹೆಂಡತಿ ಅವಳ ತಟ್ಟೆಗೆ ಮೀನು ಹಾಕುತ್ತಾ, "ಎರಡು ವರ್ಷ ಹಿಡಿದದ್ದು ಬಿಡಲಿಲ್ಲ ನೋಡಿ! ಇಂಥ ಹಠ ನಮ್ಮ ಬಳಿಯಲ್ಲಿ ಯಾರಿಗೂ ಇಲ್ಲ" ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಐವತ್ತು ವರ್ಷದಿಂದ ಈ ಮನೆಯಲ್ಲಿ ಉಣ್ಣುತ್ತಿದ್ದೇನೆ. ಲೆಕ್ಕಕ್ಕೆ ಬಂದದ್ದು ಇವತ್ತು. ತಲೆ ತಗ್ಗಿಸಿ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ.