ಆಕಾಶಕ್ಕೆ ಕಿವಿ ಕೊಟ್ಟ ಕಾಕಾ

ನಮ್ಮ ಕಾಕಾನಿಗೆ ಕಿವಿ ಕೇಳುವುದಿಲ್ಲ ಎಂದು ಅವನ ಹೆಂಡತಿ, ನಮ್ಮ ಚಿಗವ್ವ, ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸಂತೆಯಿಂದ ಬದನೆಕಾಯಿ ತನ್ನಿ ಎಂದು ಮೂರು ಸಲ ಕೂಗಿದರೂ ಅವನಿಗೆ ಕೇಳಿಸುವುದಿಲ್ಲವಂತೆ. ಆದರೆ ನೂರಾರು ಮೈಲಿ ಮೇಲೆ ಹಾಯುವ ಉಪಗ್ರಹ ಒಮ್ಮೆ ಕೆಮ್ಮಿದರೆ ಸಾಕು, ಉಣ್ಣುವ ತಾಟು ಬಿಟ್ಟು ಮಾಳಿಗೆ ಹತ್ತುತ್ತಾನೆ! ಇಂಥವನನ್ನು ಕಿವುಡ ಎನ್ನಬೇಕೋ ಬೇಡವೋ, ನೀವೇ ಹೇಳಿ.

ಕರೆಂಟ್ ಆಫೀಸಿನಿಂದ ನಿವೃತ್ತನಾದ ಮೇಲೆ ಅವನಿಗೆ ಈ ಹುಚ್ಚು ಹತ್ತಿತು. ಹೆಬ್ಬೆರಳಿನಷ್ಟು ದೊಡ್ಡ ರೇಡಿಯೋ, ಅದನ್ನು ಚುಚ್ಚಲು ಒಂದು ಹಳೆಯ ಲ್ಯಾಪ್‌ಟಾಪ್, ಹುನಗುಂದದ ನಮ್ಮ ಮನೆಯ ಮಾಳಿಗೆಯ ಮೇಲೊಂದು ಅಲ್ಯೂಮಿನಿಯಂ ಆಂಟೆನಾ. ಉಳಿದ ಕೆಲಸವೆಲ್ಲ ಸಾಫ್ಟ್‌ವೇರಿನದು. ಅದನ್ನು ಯಾವ್ಯಾವುದೋ ದೇಶದವರು ಬರೆದು, 'ಬಳಸಿರಿ, ತಿದ್ದಿರಿ, ಹಂಚಿರಿ' ಎಂದು ಪುಕ್ಕಟೆ ಬಿಟ್ಟಿದ್ದಾರೆ. ಚಿಗವ್ವ ಆ ಆಂಟೆನಾದ ಮೇಲೆ ಸೀರೆ ಒಣಹಾಕುತ್ತಾಳೆ, ಅದು ಬೇರೆ ಮಾತು.

ರವಿವಾರ ಇದೇ ಹುಚ್ಚು ಹತ್ತಿದವರ ಬಳಗ ನಮ್ಮ ಮನೆಯಲ್ಲಿ ಸೇರುತ್ತದೆ. ಇಳಕಲ್ಲಿನಿಂದ ಒಬ್ಬ ಮಗ್ಗ ರಿಪೇರಿಯವರು, ಬಾದಾಮಿಯಿಂದ ಒಬ್ಬರು ವಿಜ್ಞಾನದ ಟೀಚರಮ್ಮ, ಬಾಗಲಕೋಟೆಯಿಂದ ಇಬ್ಬರು. ಅವರದೊಂದು ನೇಮವಿದೆ: ಕಲಿತದ್ದನ್ನಷ್ಟೇ ಅಲ್ಲ, ಮಾಡಿದ ತಪ್ಪನ್ನೂ ಬರೆದು ಎಲ್ಲರ ಮುಂದಿಡಬೇಕು. ಕಾಕಾ ಈ ನೇಮವನ್ನು ಅಡುಗೆಮನೆಗೂ ತಂದ. ಉಪ್ಪಿಟ್ಟಿನ ದೋಷಗಳನ್ನು ನಂಬರು ಹಾಕಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಮರುದಿನ ಅದರ ಕೆಳಗೆ ಚಿಗವ್ವನ ಅಕ್ಷರ: "ನೀವೇ ತಿದ್ಕೊಂಡು ತಿನ್ರಿ." ಎರಡು ದಿನ ಕಾಕಾ ಅಮೀನಗಡದ ಕರದಂಟು ತಿಂದು ಬದುಕಿದ.

ಈ ಸಲ ಮಳೆಗಾಲಕ್ಕೆ ಮುಂಚೆ ಅವನು ಒಂದು ಪ್ರತಿಜ್ಞೆ ಮಾಡಿಬಿಟ್ಟ. ಉಪಗ್ರಹದಿಂದ ಮೋಡದ ಚಿತ್ರವನ್ನು ನೇರ ನಮ್ಮ ಮಾಳಿಗೆಗೇ ಇಳಿಸಿ ಬರುವ ತಿಂಗಳ ಮೊದಲ ರವಿವಾರ ಓಣಿಗೆಲ್ಲ ತೋರಿಸುತ್ತೇನೆ ಎಂದ. ನಗುವವರನ್ನೇ ಹುಡುಕಿ ಹುಡುಕಿ ಕರೆದ. ಆದರೆ ಒಂದು ತೊಂದರೆ. ಎಲ್ಲಿಯದೋ ಕರೆಂಟ್ ಯಂತ್ರದ ಗುರ್‌ಗುರ್ ಸಪ್ಪಳ ರೇಡಿಯೋದೊಳಗೆ ನುಗ್ಗಿ ಪ್ರತಿ ಚಿತ್ರದ ಮೇಲೂ ಕರಿ ಗೆರೆ ಎಳೆಯುತ್ತಿತ್ತು!

ಕಾಕಾ ಕೈಯಲ್ಲಿ ಪುಟ್ಟ ಆಂಟೆನಾ ಹಿಡಿದು ಮನೆಮನೆ ತಿರುಗಿದ. ಮಿಕ್ಸರ್ ಬಂದ್ ಮಾಡಿಸಿದ, ಧಾರಾವಾಹಿ ನಡುವೆ ಟಿವಿ ಬಂದ್ ಮಾಡಿಸಿ ಬೈಸಿಕೊಂಡ. ಕೊನೆಗೆ ಎದುರುಮನೆಯವರ ಎಲ್‌ಇಡಿ ಬಲ್ಬೇ ಕಳ್ಳ ಎಂದು ಬಳಗಕ್ಕೆ ಬರೆದೂಬಿಟ್ಟ. ಅವರು ಪಾಪ, ಬಲ್ಬು ಬದಲಿಸಿದರು. ಸಪ್ಪಳ ಹೋಗಲಿಲ್ಲ. ಒಂದು ದಿನ ಇಡೀ ಓಣಿಯ ಕರೆಂಟ್ ಹೋಯಿತು, ಆಗಲೂ ಹೋಗಲಿಲ್ಲ!

ಆ ರವಿವಾರ ಬಂತು. ಮಾಳಿಗೆ ತುಂಬ ಜನ. ಉಪಗ್ರಹ ಬರಲು ಐದೇ ನಿಮಿಷ. ಟೀಚರಮ್ಮ ಪುಟ್ಟ ಆಂಟೆನಾ ಹಿಡಿದು ಸಪ್ಪಳದ ಬೆನ್ನುಹತ್ತಿ ಮೆಟ್ಟಿಲಿಳಿದರು, ಪಡಸಾಲೆ ದಾಟಿದರು, ನಮ್ಮ ಅಜ್ಜಿಯ ಕೋಣೆಯಲ್ಲಿ ನಿಂತರು.

ಅಜ್ಜಿ, ಅಂದರೆ ಕಾಕಾನ ಅವ್ವ, ವರ್ಷದಿಂದ ಹಾಸಿಗೆ ಹಿಡಿದಿದ್ದಾಳೆ. ಬೆನ್ನಿಗೆ ಹುಣ್ಣಾಗಬಾರದೆಂದು ಗಾಳಿ ಹಾಸಿಗೆ ಹಾಕಿದ್ದೇವೆ. ಅದಕ್ಕೆ ಗಾಳಿ ತುಂಬುವ ಒಂದು ಪುಟ್ಟ ಪಂಪು. ಕರೆಂಟ್ ಹೋದರೂ ಅದು ನಿಲ್ಲಬಾರದೆಂದು ಬ್ಯಾಟರಿ ಜೋಡಿಸಿದವನು ಸ್ವತಃ ಕಾಕಾ. ಓಣಿಯ ಮಿಕ್ಸರ್, ಟಿವಿ ಎಲ್ಲ ಬಂದ್ ಮಾಡಿಸಿದ ಮಹಾಶಯನಿಗೆ ಇದು ಹೊಳೆದಿರಲೇ ಇಲ್ಲ. ಅವನ ಲೆಕ್ಕದಲ್ಲಿ ಆ ಪಂಪು ಯಂತ್ರವೇ ಆಗಿರಲಿಲ್ಲ.

ಉಪಗ್ರಹ ಹಾದುಹೋಗುವ ಹನ್ನೆರಡು ನಿಮಿಷ ಪಂಪು ನಿಲ್ಲಿಸಿದರೆ ಏನೂ ಆಗುವುದಿಲ್ಲ ಎಂದರು ಟೀಚರಮ್ಮ. ಅಜ್ಜಿಯೂ ಅಂದಳು: "ಆರಿಸೋ ಯಪ್ಪಾ, ಮಂದಿ ಕಾಯಾಕತ್ತೈತಿ."

ಕಾಕಾ ಸ್ವಿಚ್ಚಿನ ಮೇಲೆ ಕೈಯಿಟ್ಟ. ಮೇಲೆ ಅವನ ಮರ್ಯಾದೆ ಕಾದು ನಿಂತಿತ್ತು. ಕೈ ಹಿಂದೆ ತೆಗೆದುಕೊಂಡು, "ಚಿತ್ರ ಹೆಂಗ ಬರ್ತೈತಿ ಹಂಗ ಬರ್ಲಿ" ಎಂದು ಮಾಳಿಗೆಗೆ ಹೋದ.

ಚಿತ್ರ ಬಂತು. ಸಮುದ್ರ, ದಂಡೆ, ಬೆಳ್ಳಗೆ ಮೋಡ, ಅದರ ಮೇಲೆ ಅಡ್ಡಲಾಗಿ ದಪ್ಪ ಕರಿ ಗೆರೆ. ಓಣಿಯವರು ಹೊಟ್ಟೆ ಹಿಡಿದು ನಕ್ಕರು. ಕಾಕಾ ಎದುರುಮನೆಯವರಿಗೆ ಎಲ್ಲರ ಮುಂದೆ ಕೈಮುಗಿದ. ಆಮೇಲೆ ಕುಳಿತು ಬಳಗಕ್ಕೆ ಬರೆದ: ಬಲ್ಬಿನದು ತಪ್ಪಲ್ಲ, ಸಪ್ಪಳ ನಮ್ಮ ಅವ್ವನ ಹಾಸಿಗೆಯದು, ಇದನ್ನು ನಾನು ನಿಲ್ಲಿಸುವವನಲ್ಲ.

ಸಂಜೆ ಆ ಚಿತ್ರವನ್ನು ಪ್ರಿಂಟ್ ಮಾಡಿ ಅಜ್ಜಿಯ ಕೈಗೆ ಕೊಟ್ಟ. ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, ಇದರಲ್ಲಿ ಹುನಗುಂದ ಎಲ್ಲಿದೆ ಎಂದು ಕೇಳಿದಳು. ಕಾಕಾ ಅವಳ ಬೆರಳು ಹಿಡಿದು ಆ ಕರಿ ಗೆರೆಯ ಮೇಲಿಟ್ಟ.

"ಊರು ಕಾಣಂಗಿಲ್ಲವ್ವ," ಎಂದ. "ನೀ ಕಾಣ್ತಿ."